ಮುಸುಕುವೀರನ ಕಿವಿ ಕಂಡವಳು

ಹುಕ್ಕೇರಿಯ ವಾಚನಾಲಯದಲ್ಲಿ ಕಸ ಗುಡಿಸುತ್ತಿದ್ದ ಸಾತವ್ವನಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಮುಸುಕುವೀರ ಯಾರೆಂಬುದನ್ನು ಇಡೀ ಊರಿನಲ್ಲಿ ಮೊದಲು ಕಂಡುಹಿಡಿದವಳು ಅವಳೇ. ಅದೇ ಅವಳಿಗೆ ಮುಳುವಾಯಿತು.

ಅವಳ ತವರು ಘೋಡಗೇರಿ. ಮದುವೆಯಾದ ಮೂರನೆಯ ವರ್ಷ ಗಂಡ ಉದ್ದಪ್ಪ ಯಾರದೋ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತ. ಮಕ್ಕಳಿರಲಿಲ್ಲ. ಹುಕ್ಕೇರಿಗೆ ಬಂದು ಊರ ಹೊರಗಿನ ಕೇರಿಯಲ್ಲೊಂದು ಗುಡಿಸಲು ಹಿಡಿದಳು. ದಿನಾ ಮುಂಜಾನೆ ವಾಚನಾಲಯದ ಒಳಗೂ ಹೊರಗೂ ಕಸಬರಿಗೆ ಆಡಿಸುವುದು ಅವಳ ಕೆಲಸ. ಗುಡಿಸುವಷ್ಟು ಹೊತ್ತು ಒಳಗಿರಬಹುದು, ಗುಡಿಸಿದ ಮೇಲೆ ಮೆಟ್ಟಿಲ ಕೆಳಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಹುಬ್ಬಳ್ಳಿಯಿಂದ ಬರುವ ಒಂದು ವಾರಪತ್ರಿಕೆಯ ನಡುವಿನ ಎರಡು ಪುಟಗಳಲ್ಲಿ ಮುಸುಕುವೀರನ ಚಿತ್ರಕಥೆ ಇರುತ್ತಿತ್ತು. ಕರಿಯ ಮುಸುಕಿನ ಗಂಡಾಳು, ಎದೆಗೆ ಗುಂಡು ಹೊಡೆದರೆ ಜೋಳದ ಹೊಟ್ಟಿನಂತೆ ಉದುರುತ್ತಿತ್ತು. ಪತ್ರಿಕೆ ಹರಿದು ಹಳತಾದ ಮೇಲೆ ಸಾತವ್ವ ಆ ಪುಟಗಳನ್ನು ಬೇಡಿಕೊಂಡು ಮನೆಗೆ ಒಯ್ಯುತ್ತಿದ್ದಳು. ಅಕ್ಷರ ಬಾರದ್ದರಿಂದ ಅವಳ ಕಣ್ಣು ಚಿತ್ರ ಬಿಟ್ಟು ಅತ್ತಿತ್ತ ಹೋಗುತ್ತಲೇ ಇರಲಿಲ್ಲ. ಯಾರ ಮೂಗು ಹೇಗೆ, ಯಾರು ಯಾವ ಕೈಯಲ್ಲಿ ಕೊಡಲಿ ಹಿಡಿಯುತ್ತಾರೆ, ಎಲ್ಲವೂ ಅವಳಿಗೆ ಬಾಯಿಪಾಠ.

ಪ್ರತಿ ಆದಿತ್ಯವಾರ ಆ ಕಥೆಯ ಹುಚ್ಚಿದ್ದ ಏಳೆಂಟು ಜನ ವಾಚನಾಲಯದ ಕಟ್ಟೆಯ ಮೇಲೆ ಸೇರುತ್ತಿದ್ದರು. ಅವರ ಮುಂದಾಳು ಗುರುಲಿಂಗಪ್ಪ, ಬೆಲ್ಲದ ವ್ಯಾಪಾರಿಯ ಮಗ, ವಾಚನಾಲಯದ ಕಾರ್ಯದರ್ಶಿ. ಅವನೊಡನೆ ಸರಿಸಮನಾಗಿ ವಾದ ಮಾಡುವವನೆಂದರೆ ಟಪಾಲು ಕಚೇರಿಯ ಕಾರಕೂನ ಹಣಮಂತ ಒಬ್ಬನೇ.

"ಮೊದಲಿನ ಮುಸುಕುವೀರ ಬ್ಯಾರೇನ ಇದ್ದ ಬಿಡು," ಎನ್ನುವನು ಹಣಮಂತ. "ಬರೇ ಮುಷ್ಟೀಲೆ ಇಪ್ಪತ್ತು ಮಂದೀನ ಮಲಗಸ್ತಿದ್ದ. ಈಗ ನೋಡು, ಹಾರಾಕ ಕಲತಾನ. ಹಾರಾಂವಗ ಸೋಲು ಎಲ್ಲಿಂದ ಬರಬೇಕು? ಸೋಲ ಇಲ್ಲಂದ್ರ ಕಥಿಯೊಳಗ ಏನೈತಿ?"

"ನಿನಗ ಹಳೇದ ಚಂದ, ಕಾಲಾಗಿನ ಹಳೇ ಕೆರದ ಹಂಗ," ಎಂದು ಗುರುಲಿಂಗಪ್ಪ ಕಟ್ಟೆ ಗುದ್ದುವನು. "ಬುರುಜಿನಿಂದ ಜಿಗದು ಮೋಡದಾಗ ಹೊಕ್ಕಾನಲ್ಲ, ಅಂಥಾ ಚಿತ್ರ ಹಳೇ ಕಥಿಯೊಳಗ ಒಂದ ತೋರ್ಸು ನೋಡೂನು!"

೧೯೫೫ರಲ್ಲಿ ಎಲ್ಲ ವಾದಗಳನ್ನೂ ಮೀರಿದ ಪ್ರಶ್ನೆ ಒಂದೇ ಆಗಿತ್ತು. ಮುಸುಕಿನೊಳಗೆ ಇರುವವನು ಯಾರು? ಅವನು ಅರಮನೆಯ ರಾಜಕುಮಾರ ವಿಜಯಸೇನನೇ ಎಂದು ಗುರುಲಿಂಗಪ್ಪ ಹತ್ತು ಕಾರಣ ಕೊಟ್ಟು ಪತ್ರಿಕೆಗೆ ಬರೆದ. ಅದು ಅವನ ಹೆಸರಿನೊಡನೆ ಅಚ್ಚಾಯಿತು. ಆ ಸಂಚಿಕೆಯನ್ನು ಬಗಲಲ್ಲಿಟ್ಟುಕೊಂಡು ಅವನು ಇಡೀ ಪೇಟೆ ತಿರುಗಿದ.

ಮುಂದಿನ ಆದಿತ್ಯವಾರ ಅವನು ಆ ಹತ್ತು ಕಾರಣಗಳನ್ನು ಓದಿ ಮುಗಿಸಿದಾಗ ಸಾತವ್ವ ಮೆಟ್ಟಿಲ ಕೆಳಗೆ ಕಸಬರಿಗೆ ಹಿಡಿದು ನಿಂತಿದ್ದಳು. ಬಾಯಿ ತಡೆಯಲಿಲ್ಲ.

"ಅಂವ ರಾಜಕುಮಾರ ಅಲ್ರಿ, ಸಾವಕಾರ್ರ. ಅರಮನಿಗೆ ನೀರು ಹೊರೂ ಮೂಕ ಅದಾನಲ್ರಿ, ಅಂವನ ಇಂವ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಗುರುಲಿಂಗಪ್ಪನಂತೂ ಕಣ್ಣೊರೆಸಿಕೊಂಡು ನಕ್ಕ.

"ಕಿವಿ ನೋಡ್ರಿ," ಎಂದಳು ಸಾತವ್ವ. "ಮುಸುಕು ಮಾರೀಗೆ ಐತಿ, ಕಿವಿಗಿಲ್ಲ. ಎಡಗಿವಿ ತುದಿ ಹರದೈತಿ. ಮೂಕಂದೂ ಹರದೈತಿ. ರಾಜಕುಮಾರನ ಕಿವಿ ನೆಟ್ಟಗ ಅದಾವ, ಮುತ್ತು ಹಾಕ್ಕೊಂಡಾನ."

ಹಣಮಂತ ಹಳೆಯ ಸಂಚಿಕೆಗಳನ್ನು ತರಿಸಿ ನೋಡಿದ. ಎರಡೂ ಕಿವಿಗಳನ್ನು ಹೋಲಿಸಿ, ಸಂಚಿಕೆಗಳನ್ನು ಮಡಚಿಟ್ಟ. ಮೂರು ವಾರಕ್ಕೆ ಬಂದ ಸಂಚಿಕೆಯಲ್ಲಿ ಮುಸುಕು ಜಾರಿತು. ಒಳಗಿದ್ದವನು ನೀರು ಹೊರುವ ಮೂಕ.

"ಗುರುಲಿಂಗಾ, ಕಸಾ ಹೊಡಿಯಾಕಿ ಗೆದ್ಲಲ್ಲೋ!" ಎಂದು ಯಾರೋ ಕೂಗಿದರು. ಸಂತೆಯಲ್ಲಿ, ಅಡತಿ ಅಂಗಡಿಯಲ್ಲಿ, ಕೊನೆಗೆ ಅವನ ಬೀಗರ ಮನೆಯಲ್ಲೂ ಆ ಮಾತೇ. ಗುರುಲಿಂಗಪ್ಪನೂ ಎಲ್ಲರೊಡನೆ ನಕ್ಕ. ಸಾತವ್ವನಿಗೆ ಅಂದು ಅನ್ನ ಸೇರಲಿಲ್ಲ, ಅಷ್ಟು ಸಂತೋಷ. ತನ್ನಂತೆಯೇ ಹೊರಗೆ ನಿಲ್ಲುವ ಒಬ್ಬ ನೀರಿನಾಳು ಮೋಡದಲ್ಲಿ ಹಾರುತ್ತಾನಲ್ಲ!

ಎರಡು ವಾರ ಬಿಟ್ಟು ಗುರುಲಿಂಗಪ್ಪ ಅವಳನ್ನು ಕರೆದ. "ಸಾತವ್ವಾ, ಇಷ್ಟು ಚುರುಕ ಕಣ್ಣು ಅದಾವು ನಿನಗ. ಅಕ್ಷರ ಕಲತ್ರ ಎಲ್ಲಿಗೋ ಹೋಗಿ ಮುಟ್ಟತಿ. ನಾ ಕಲಸ್ತೇನಿ. ಖರೆ, ಯಾರ ಮುಂದೂ ಬಾಯಿ ಬಿಡಬ್ಯಾಡ. ನಮ್ಮಪ್ಪಗ ತಿಳದ್ರ ನನ್ನ ಮನಿ ಬಿಡಸ್ತಾನ."

ಸಾತವ್ವ ಅವನ ಕಾಲಿಗೆ ದೂರದಿಂದಲೇ ನಮಸ್ಕಾರ ಮಾಡಿದಳು.

ಅವನು ಕಲಿಸಿದ. ವಾರಕ್ಕೆ ಎರಡು ಸಲ, ಅರ್ಧ ತಾಸು, ತಪ್ಪದೆ ಕಲಿಸಿದ. ಎಲ್ಲವನ್ನೂ ಸುಳ್ಳು ಕಲಿಸಿದ. ಗ ಬರೆದು ಮ ಎಂದ, ಮ ಬರೆದು ಲ ಎಂದ. ಕಟ್ಟೆಯವರಿಗೆಲ್ಲ ಇದು ಗೊತ್ತಿತ್ತು. ಇವರು ನಮ್ಮವರೇ, ಇವರ ಮುಂದೆ ಅಡ್ಡಿಯಿಲ್ಲ ಎಂದು ಅವಳಿಗೆ ಹೇಳಿದ್ದ. ಆದಿತ್ಯವಾರ ಅವಳನ್ನು ಕರೆದು ಪಾಠ ಒಪ್ಪಿಸಲು ಹೇಳುವರು, ಅವಳು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಒಪ್ಪಿಸುವಳು, ಇವರು ಧೋತರದ ತುದಿ ಬಾಯಿಗಿಟ್ಟುಕೊಂಡು ನಗುವರು. ತಾನು ಕಲಿತದ್ದಕ್ಕೆ ಇವರಿಗೆ ಇಷ್ಟು ಖುಷಿಯೇ ಎಂದು ಅವಳೂ ನಗುವಳು.

ಮನೆಯಲ್ಲಿ ಒಬ್ಬಳೇ ಕೂತು ಅಕ್ಷರ ಕೂಡಿಸಿದರೆ ಮಾತಾಗುತ್ತಿರಲಿಲ್ಲ. ತನ್ನ ತಲೆಯಲ್ಲೇ ಮಣ್ಣು ತುಂಬಿದೆ ಎಂದು ಹಣೆ ಬಡಿದುಕೊಳ್ಳುತ್ತಿದ್ದಳು. ಮೋಟಾರಿನ ಫಲಕ ಓದಲಾಗಲಿಲ್ಲ ಎಂದರೆ, "ಅದು ಮರಾಠಿ ಬರಹ, ನಿನಗ್ಹೆಂಗ ಬರತೈತಿ?" ಎಂದ ಗುರುಲಿಂಗಪ್ಪ. ೧೯೫೬ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಫಲಕಗಳು ಕನ್ನಡವಾದವು. ಆಗಲೂ ಅವಳಿಗೆ ಓದಲಾಗಲಿಲ್ಲ. "ಅವು ಮೈಸೂರ ಕಡೆ ಅಕ್ಷರ. ನಮ್ಮವು ಬ್ಯಾರೆ," ಎಂದ. ಅದನ್ನೂ ನಂಬಿದಳು.

ಅವಳು ಒಂದೇ ಒಂದನ್ನು ಎಲ್ಲೂ ತಡೆಯದೆ ಬರೆಯುತ್ತಿದ್ದಳು. ತನ್ನ ಹೆಸರು. "ಮೊದಲನೇದು ಸಾತ, ಎರಡನೇದು ಅವ್ವ," ಎಂದು ಗುರುಲಿಂಗಪ್ಪ ಪಾಟಿಯ ಮೇಲೆ ಬರೆದುಕೊಟ್ಟಿದ್ದ. ಅವನು ಬರೆದುಕೊಟ್ಟದ್ದು "ಕತ್ತೆ" ಎಂದು.

ಮರುವರ್ಷ ಫೆಬ್ರುವರಿಯಲ್ಲಿ ಗೋಕಾಕದಲ್ಲಿ ಹೆಂಗಸರಿಗೊಂದು ವಾಚನಾಲಯ ತೆರೆಯುವುದಾಯಿತು. ಓದು ಬರೆಹ ಬರುವ ಒಬ್ಬ ಹೆಣ್ಣಾಳು ಬೇಕಿತ್ತು. ವಯಸ್ಕರ ಶಾಲೆಯ ಗುಡ್ಡಪ್ಪ ಮಾಸ್ತರರು ಇದನ್ನು ಊರಲ್ಲಿ ಸಾರಿದರು. ಬೆಳಗಾವಿಯಿಂದ ಸಾಹೇಬರು ಬಂದು ಶಾಲೆಯ ಅಂಗಳದಲ್ಲೇ ಪರೀಕ್ಷೆ ಮಾಡುವರೆಂದೂ ಹೇಳಿದರು.

"ನಾ ಹೋಗ್ಲೇನ್ರಿ ಸಾವಕಾರ್ರ?" ಎಂದು ಸಾತವ್ವ ಕೇಳಿದಳು.

ಹಣಮಂತ ಗುರುಲಿಂಗಪ್ಪನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಸಾಕ ಬಿಡೋ. ಇಲ್ಲಿಗೆ ಮುಗಸು."

"ಏನ್ ಮುಗಸೋದು? ಮುಸುಕು ಜಾರೂ ದಿನಾ ಇದ," ಎಂದು ಗುರುಲಿಂಗಪ್ಪ ಅವಳ ಕಡೆ ತಿರುಗಿದ. "ಹೋಗ ಸಾತವ್ವಾ, ನಿನಗ ಎಲ್ಲಾ ಬರತೈತಿ."

ಹಣಮಂತ ಅವನ ತೋಳು ಬಿಟ್ಟು ಕಟ್ಟೆಗೆ ಹೋಗಿ ಕೂತ.

ಪರೀಕ್ಷೆಯ ಹಿಂದಿನ ದಿನ ಸಂತೆ. ಸಾತವ್ವ ಹಚ್ಚೆ ಚುಚ್ಚುವ ಮುದಕವ್ವನ ಮುಂದೆ ಕೂತು ಪಾಟಿ ತೋರಿಸಿ, "ಇದನ್ನ ನನ್ನ ಕೈಮ್ಯಾಲೆ ಬರಿಯವಾ. ನನ್ನ ಹೆಸರು," ಎಂದಳು. ಮುದಕವ್ವನಿಗೂ ಅಕ್ಷರ ಬಾರದು. ಬಳ್ಳಿ, ಚೇಳು ಬರೆಯುವಂತೆಯೇ ಪಾಟಿ ನೋಡಿ ನೋಡಿ ಸೂಜಿ ಚುಚ್ಚಿದಳು. ಬಲ ಮುಂಗೈ ಬಾತು ಉರಿಯಿತು. ಸಾತವ್ವ ಸೆರಗು ಮುಚ್ಚಿಕೊಂಡು ಮನೆಗೆ ಹೋದಳು.

ಮರುದಿನ ಅಂಗಳದಲ್ಲಿ ನೂರು ಜನ. ಕಟ್ಟೆಯವರು ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಸಾಹೇಬರು ಸಾತವ್ವನಿಗೆ ಪಾಟಿ ಕೊಟ್ಟು, "ಹೆಸರು ಬರಿಯಮ್ಮ," ಎಂದರು. ಅವಳು ಬರೆಯಲಿಲ್ಲ. ಸೆರಗು ಸರಿಸಿ ಕೈ ಮುಂದೆ ಚಾಚಿದಳು.

"ಬರದೇನ್ರಿ ಸಾಹೇಬ್ರ. ಅಳಿಸಿ ಹೋಗಬಾರದಂತ ಇಲ್ಲೇ ಬರಸೇನಿ."

ಸಾಹೇಬರು ಓದಿದರು. ಮುಖ ಕೆಂಪಾಯಿತು. "ನಿನ್ನ ಹೆಸರೇನು?"

"ಸಾತವ್ವ ರೀ."

"ಇಲ್ಲೇನಿದೆ?"

"ಸಾತವ್ವ ಅಂತ ರೀ."

ಅಂಗಳಕ್ಕೆ ಅಂಗಳವೇ ನಕ್ಕಿತು. ಶಾಲೆಯ ಹುಡುಗರು ಬಗ್ಗಿ ಬಗ್ಗಿ ಓದಿ, ತಮ್ಮ ಆಡುಮಾತಿನಂತೆ ಕತ್ತೆಯನ್ನು "ಕತ್ತಿ, ಕತ್ತಿ!" ಎಂದು ಕೂಗಿದರು. ಅವಳಿಗೆ ಇನ್ನೂ ತಿಳಿದಿರಲಿಲ್ಲ. ಗುರುಲಿಂಗಪ್ಪನ ಕಡೆ ನೋಡಿದಳು. ಅವನು ಪಕ್ಕದವನ ಹೆಗಲ ಮೇಲೆ ಬಿದ್ದು ನಗುತ್ತಿದ್ದ. ಆಗ ತಿಳಿಯಿತು. ಸಾಹೇಬರು ತಮ್ಮನ್ನೇ ಅಣಕಿಸಲು ಯಾರೋ ಈ ಹೆಣ್ಣನ್ನು ಕಳಿಸಿದ್ದಾರೆಂದು ಸಿಟ್ಟಾಗಿ, "ಹೊರಗೆ ನಡಿ," ಎಂದರು.

ಅವಳು ನೆಟ್ಟಗೆ ಗುರುಲಿಂಗಪ್ಪನ ಮನೆಗೆ ಹೋದಳು. ಅವನು ಬರುವವರೆಗೆ ಅಂಗಳದಲ್ಲಿ ನಿಂತಿದ್ದಳು.

"ಯಾಕ ಹಿಂಗ ಮಾಡಿದ್ರಿ?"

"ಚ್ಯಾಷ್ಟಿ ಮಾಡಿದ್ದೆ. ನೀ ಕೈಮ್ಯಾಲೆ ಬರಸ್ಕೋತಿ ಅಂತ ನನಗೇನ ಕನಸ ಬಿದ್ದಿತ್ತೇನ?"

ಗುರುಲಿಂಗಪ್ಪನ ಹೆಂಡತಿ ಚನ್ನವ್ವ ಬಾಗಿಲಿಗೆ ಬಂದು ಅವಳ ಕೈ ನೋಡಿದಳು. ಅವಳಿಗೆ ಓದು ಬರುತ್ತಿತ್ತು. ಒಂದು ಕ್ಷಣ ಗಂಡನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು, ಸಾತವ್ವ ನಿಂತ ಜಾಗಕ್ಕೆ ಚೆಲ್ಲಿ, "ಅಂಗಳದಾಗ ಹೊಕ್ಕು ಗಂಡಸರ ಕೂಡ ವಾದಾ ಮಾಡ್ತಿ? ನಡಿ," ಎಂದಳು.

ವಾರದೊಳಗೆ ಸಾತವ್ವನ ಕೆಲಸ ಹೋಯಿತು. ಪತ್ರಿಕೆ ಕದಿಯುತ್ತಾಳೆ ಎಂದು ಕಾರ್ಯದರ್ಶಿ ಗುರುಲಿಂಗಪ್ಪನೇ ಬರೆದಿದ್ದ. ಬೇಡಿ ಒಯ್ದಿದ್ದ ಹಳೆಯ ಪುಟಗಳೇ ಅದಕ್ಕೆ ಸಾಕ್ಷಿ.

ನಡೆದದ್ದೆಲ್ಲ ತಡವಾಗಿ ತಿಳಿದ ಗುಡ್ಡಪ್ಪ ಮಾಸ್ತರರು ನಾಲ್ಕು ತಿಂಗಳು ಸಂಜೆ ಹೊತ್ತು ಅವಳಿಗೆ ಖರೆ ಅಕ್ಷರ ಕಲಿಸಿದರು. ಹೊಸದನ್ನು ಕಲಿಯುವುದಕ್ಕಿಂತ ಹಳೆಯದನ್ನು ಮರೆಯುವುದೇ ಕಷ್ಟವಾಯಿತು. ಗ ಕಂಡರೆ ಮ ಎಂದೇ ಬಾಯಿಗೆ ಬರುತ್ತಿತ್ತು. ಒಮ್ಮೆ ಮಾಸ್ತರರು ಅವಳ ಮುಂಗೈಯ ಹಚ್ಚೆ ನೋಡಿ, "ಮ್ಯಾಲಿನ ಗೆರಿ ಒಂದೀಟು ತಿದ್ದಿಸಿದ್ರ ಅದು ಕತ್ತಿ ಆಗತೈತಿ, ಖಡ್ಗ. ತಿದ್ದಸೂನೇನು?" ಎಂದರು.

"ಬ್ಯಾಡ್ರಿ ಮಾಸ್ತರ. ನಮ್ಮ ಮಂದಿ ಬಾಯಾಗ ಎರಡೂ ಒಂದ," ಎಂದಳು.

ಊರಿನ ಹುಡುಗರು ಬೀದಿಯಲ್ಲಿ ಕತ್ತೆಯಂತೆ ಕೂಗುವುದು ನಿಲ್ಲಲಿಲ್ಲ. ಅವಳು ಗೋಕಾಕಕ್ಕೆ ಹೋಗಿ ಹತ್ತಿ ಆರಿಸುವ ಕೆಲಸ ಹಿಡಿದಳು. ಬೇಸಿಗೆಯಲ್ಲೂ ಮುಂಗೈಗೆ ಬಟ್ಟೆ ಸುತ್ತಿಕೊಂಡೇ ಇರುತ್ತಿದ್ದಳು. ಸುಟ್ಟ ಗಾಯ ಎಂದು ಹೇಳುತ್ತಿದ್ದಳು.

ಒಂದು ದಿನ ಅಂಗಡಿಯವನು ಪುಟಾಣಿ ಕಡಲೆ ಕಟ್ಟಿಕೊಟ್ಟ ಕಾಗದದಲ್ಲಿ ಮುಸುಕುವೀರ ಇದ್ದ. ಅವಳ ವಾಚನಾಲಯದ ಕೆಲಸ ಹೋದ ಮೇಲಿನ ಸಂಚಿಕೆ ಅದು. ಗೋಡೆಗೆ ಒರಗಿ ಕೂತು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಅವನ ಬಾಯಿಂದ ಹೊರಟ ಮಾತನ್ನು ಓದಿದಳು. ಯಾರ ಸಹಾಯವೂ ಇಲ್ಲದೆ ಅವಳು ಓದಿದ ಮೊದಲ ಮಾತು ಅದು: "ನಾನು ಮೂಕನಲ್ಲ, ನೀರಾಳೂ ಅಲ್ಲ. ತೊಟ್ಟಿಲಲ್ಲೇ ಕಳೆದುಹೋದ ಹಿರಿಯ ರಾಜಕುಮಾರ ನಾನು."

ಎರಡು ಸಲ ಓದಿದಳು. ಈ ಸಲ ಅಕ್ಷರ ತಪ್ಪಿರಲಿಲ್ಲ. ಕಾಗದವನ್ನು ಮಡಚಿ ಒಲೆಗೆ ಹಾಕಿದಳು. ಆಮೇಲೆ ಯಾವ ಕಾಗದವನ್ನೂ ಅವಳು ಬಿಡಿಸಿ ನೋಡಿದ್ದನ್ನು ಕಂಡವರಿಲ್ಲ.

೧೯೬೩ರಲ್ಲಿ ಹಣಮಂತನಿಗೆ ಗೋಕಾಕಕ್ಕೆ ವರ್ಗವಾಯಿತು. ಅಷ್ಟರಲ್ಲಿ ಗುರುಲಿಂಗಪ್ಪ ಹುಕ್ಕೇರಿಯಲ್ಲಿ ದೊಡ್ಡ ಮನುಷ್ಯನಾಗಿದ್ದ. ಮದುವೆ ಮುಂಜಿವೆಗಳಲ್ಲಿ ಸಾತವ್ವನ ಕೈಯ ಕಥೆ ಹೇಳಿ ನಗಿಸುತ್ತಿದ್ದ. ಹಣಮಂತ ಹತ್ತಿ ಆರಿಸುವವರ ಓಣಿ ಹುಡುಕಿಕೊಂಡು ಬಂದು ಅವಳ ಬಾಗಿಲಲ್ಲಿ ನಿಂತ. ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು.

"ಸಾತವ್ವಾ, ನನಗ ಎಲ್ಲಾ ಗೊತ್ತಿತ್ತು. ಹೇಳಬೇಕಿತ್ತು, ಹೇಳಲಿಲ್ಲ. ಆರು ವರ್ಷ ಆತು, ನನಗ ನಿದ್ದಿ ಇಲ್ಲ," ಎನ್ನುತ್ತ ಅವನು ಅತ್ತ.

ಸಾತವ್ವ ಮೊರದಲ್ಲಿದ್ದ ಜೋಳದಿಂದ ಕಣ್ಣೆತ್ತಲಿಲ್ಲ. "ಅವತ್ತ ಸಾಲಿ ಅಂಗಳದಾಗ ನೀವು ನಕ್ಕಿದ್ರೋ ಇಲ್ಲೋ?"

ಅವನು ಕಣ್ಣೊರೆಸಿಕೊಂಡ. "ನಕ್ಕಿದ್ದೆ."

"ಹಂಗಾದ್ರ ಹೋಗ್ರಿ. ನಗೂದು ಅಲ್ಲೇ ನಕ್ರಿ, ಅಳೂದನ್ನ ನನ್ನ ಬಾಗಿಲಿಗೆ ತರಬ್ಯಾಡ್ರಿ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅವಳು ಮೊರ ಕೆಳಗಿಟ್ಟು ಎದ್ದು, ಕದ ಮುಂದೆ ತಳ್ಳಿ, ಒಳಗಿನಿಂದ ಅಗಳಿ ಹಾಕಿಕೊಂಡಳು.