ಕಿಲ್ಟಿನೊಳಗಿನ ಕೀಲಿಗೊಂಚಲು

ನಿಗಡಿಯ ಚನ್ನವೀರನ ಕಿರಾಣಿ ಅಂಗಡಿ ಮಧ್ಯಾಹ್ನ ಮುಚ್ಚಿದರೆ ಸಂಜೆಯ ಚಹಾದ ಹೊತ್ತಿಗೇ ತೆರೆಯುವುದು. ಓಣಿಯೆಲ್ಲ ಉಂಡು ಅಡ್ಡಾಗುವ ಆ ಹೊತ್ತಿನಲ್ಲಿ, ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಬೆಲ್ಲದ ಪೆಂಟೆಗಳ ನಡುವೆ ನಿಂತು ಅವನ ಹೆಂಡತಿ ದೀಪಾಲಿ ಕಂಕುಳಿನ ಗಾಳಿಚೀಲ ಒತ್ತುತ್ತ ಬ್ಯಾಗ್‌ಪೈಪ್ ಊದುತ್ತಿದ್ದಳು. ಮೊದಮೊದಲು ಅಕ್ಕಪಕ್ಕದವರು ಯಾವುದೋ ಪ್ರಾಣಿ ಸಿಕ್ಕಿಹಾಕಿಕೊಂಡಿದೆ ಎಂದು ಓಡಿ ಬಂದಿದ್ದರು. ಈಗ ಅದು ಕೇಳದಿದ್ದರೆ, ‘ವಹಿನಿಗೆ ಹುಷಾರಿಲ್ಲವೇ?’ ಎಂದು ಮರಾಠಿಯಲ್ಲಿ ಅತ್ತಿಗೆಯ ಕ್ಷೇಮ ವಿಚಾರಿಸುತ್ತಾರೆ.

ದೀಪಾಲಿ ಹುಟ್ಟಿದ್ದು ಬೆಳಗಾವಿಯಲ್ಲಿ. ಅಪ್ಪ ಶಿವಪ್ಪ ಸೈನ್ಯದ ಪಲಟಣದ ಬ್ಯಾಂಡಿನಲ್ಲಿ ಪೈಪ್ ಊದುತ್ತಿದ್ದ. ಪರೇಡಿನ ದಿನ ಅವನು ಮೊಣಕಾಲವರೆಗಿನ ಲಂಗದಂಥ ಚೌಕಳಿ ಕಿಲ್ಟು ತೊಟ್ಟು ಹೊರಟರೆ ಹಿಂದಿನ ನಿರಿಗೆಗಳು ಒಂದರ ಹಿಂದೊಂದು ತೂಗುತ್ತಿದ್ದವು. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ನಿರಿಗೆಗಳನ್ನು ಒಂದೊಂದಾಗಿ ಕೂಡಿಸಿ, ಒದ್ದೆ ಬಟ್ಟೆ ಹಾಸಿ, ಇದ್ದಿಲ ಇಸ್ತ್ರಿಯಿಂದ ಒತ್ತುತ್ತಿದ್ದವಳು ಅವ್ವ. ಅವಳ ಮುಂಗೈ ತುಂಬ ಇಸ್ತ್ರಿಯ ಸುಟ್ಟ ಗುರುತುಗಳು. ಆದರೆ ಅವಳು ಒಂದು ಪರೇಡನ್ನೂ ನೋಡಲಿಲ್ಲ. ಪರೇಡು ಮುಗಿಸಿ ಮನೆಗೆ ಬರುವ ಗೆಳೆಯರಿಗೆ ಆ ಹೊತ್ತಿನಲ್ಲಿ ಭಜಿ ಕರಿಯುತ್ತಿರುತ್ತಿದ್ದಳು. ಅಪ್ಪ ಮಗಳಿಗೆ ಊದುವುದನ್ನು ಕಲಿಸಿದ, ಅವ್ವ ನಿರಿಗೆ ಒತ್ತುವುದನ್ನು. ಎರಡೂ ವಿದ್ಯೆ ಒಂದೇ ಮೈಗೆ ಬಂದದ್ದು ಆ ಮನೆಯಲ್ಲಿ ಅದೇ ಮೊದಲು.

ಮದುವೆಯಾಗಿ ಬಂದ ಮೇಲೆ ಪೈಪು ಬಹಳ ವರ್ಷ ಅಟ್ಟದ ಮೇಲೆಯೇ ಇತ್ತು. ಕೆಳಗಿಳಿದದ್ದು ಕೇತಕಿಯಿಂದ. ಅವಳು ಹತ್ತಿರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರು, ಡ್ರಮ್ ಬಾರಿಸುವವಳು. ಹೆಂಗಸರದೇ ಒಂದು ಪೈಪ್ ಬ್ಯಾಂಡ್ ಕಟ್ಟೋಣ ಎಂದು ಹಿಂದೆ ಬಿದ್ದಳು. ಎಂಟು ಮಂದಿ ಸೇರಿದರು. ಕಿಲ್ಟುಗಳನ್ನು ತಾವೇ ಹೊಲಿದರು. ದೀಪಾಲಿ ಎಲ್ಲರಿಗೂ ನಿರಿಗೆ ಹಿಡಿಯುವುದನ್ನು ಕಲಿಸಿ, ಕೊನೆಗೆ ಒಂದು ಕಾಯಿದೆ ಮಾಡಿದಳು: ‘ಯಾರ ಕಿಲ್ಟಿಗೆ ಅವರದೇ ಇಸ್ತ್ರಿ.’

ಮೊದಲ ಸಲ ಸೊಲ್ಲಾಪುರಕ್ಕೆ ಹೋದಾಗ ಕಿಲ್ಟುಗಳನ್ನು ಚೀಲದಲ್ಲಿ ಮಡಚಿಟ್ಟಿದ್ದರು. ರೈಲು ದೌಂಡ ದಾಟುವಷ್ಟರಲ್ಲಿ ಆ ಚೀಲದ ಮೇಲೆ ಯಾರೋ ಟ್ರಂಕು ಹೇರಿದ್ದರು. ಮೈದಾನದಲ್ಲಿ ನಿಂತಾಗ ಎಂಟೂ ಜನರ ಹಿಂಬದಿ ಹಿಂಡಿದ ಬಟ್ಟೆಯಂತೆ ಕಾಣುತ್ತಿತ್ತು. ಜನ ಪೈಪು ಕೇಳಲಿಲ್ಲ, ನಕ್ಕರು. ಹಾಗಾಗಿ ದಿಲ್ಲಿಯ ಸ್ಪರ್ಧೆಗೆ ಕರೆ ಬಂದಾಗ ಎಂಟೂ ಜನ ಗಟ್ಟಿ ಮಾಡಿಕೊಂಡರು: ಇಳಿದ ಕೂಡಲೇ ಮೈದಾನಕ್ಕೆ ಹೋಗಬೇಕು, ಅದಕ್ಕೇ ಕಿಲ್ಟು ತೊಟ್ಟುಕೊಂಡೇ ವಿಮಾನ ಹತ್ತುವುದು.

ದೀಪಾಲಿ ಹೋಗುವುದು ಎರಡು ದಿನಕ್ಕೆ. ಮಾಡಿಟ್ಟದ್ದು ವಾರಕ್ಕಾಗುವಷ್ಟು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಳಕೆ ಬಂದ ಮಡಕಿಕಾಳು, ಹೆಪ್ಪು ಹಾಕಿದ ಮೊಸರು. ಬೆಳಗಿನ ಜಾವ ಕಿಲ್ಟು ತೊಟ್ಟು ಹೊರಬಂದಾಗ ಅತ್ತೆ ನಾಗವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಇದನ್ನ ಹಾಕ್ಕೊಂಡು ವಿಮಾನ ಹತ್ತತೀಯೇನ?”

“ಹೌದ್ರಿ ಅತ್ತಿ. ಚೀಲದಾಗ ಇಟ್ಟರ ನಿರಿಗಿ ಮುರೀತಾವ.”

“ಮೊಣಕಾಲ ಕಾಣಸ್ತಾವಲ್ಲ!”

“ತೆಳಗ ಸಾಕ್ಸ್ ಅದಾವ, ಒಳಗ ಚಡ್ಡಿ ಅದ. ನಡುವ ಮೊಣಕಾಲ ಅಷ್ಟ. ನಮ್ಮಪ್ಪನೂ ತೋರಿಸ್ಯಾನ. ಮಂದಿ ಚಪ್ಪಾಳಿ ಹೊಡದಾರ.”

“ನಿಮ್ಮಪ್ಪ ಗಂಡಸ.”

“ಅದು ಮೊಣಕಾಲಿಗೆ ಗೊತ್ತಿರತದೇನ್ರಿ?”

ಚನ್ನವೀರ ಕಾರಿನ ಹಾರ್ನು ಒತ್ತಿದ. ಗೊಣಗುತ್ತಲೇ ನಾಗವ್ವನೂ ಹಿಂದಿನ ಸೀಟು ಹತ್ತಿದಳು. ಸೊಸೆ ಯಾರ ಕಣ್ಣಿಗೆ ಹೇಗೆ ಕಾಣುತ್ತಾಳೆ ಎಂಬುದನ್ನು ತಾನೇ ನೋಡಬೇಕಿತ್ತು ಅವಳಿಗೆ. ದೀಪಾಲಿ ಎಂದಿನಂತೆ ಗ್ಯಾಸು ನೋಡಿ, ಮನೆಗೆ ಬೀಗ ಹಾಕಿ, ಕೆಳಗಿಳಿದು ಅಂಗಡಿಯ ಷಟರಿನ ಬೀಗ ಎಳೆದು ನೋಡಿ, ಕಾರು ಹತ್ತಿದಳು.

ವಿಮಾನ ನಿಲ್ದಾಣದಲ್ಲಿ ಎಂಟು ಜನ ಸಾಲಾಗಿ ನಡೆದಾಗ ತಳ್ಳುಗಾಡಿಗಳು ನಿಂತವು. ಒಬ್ಬ ಅಜ್ಜ ಎದ್ದು ನಿಂತು ಸಲ್ಯೂಟ್ ಹೊಡೆದೇಬಿಟ್ಟ. ತಪಾಸಣೆಯ ಯಂತ್ರದಲ್ಲಿ ಪೈಪಿನ ಚಿತ್ರ ನೋಡಿದವನು ಅದನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿದ. ಊದಿ ತೋರಿಸಲೇ ಎಂದು ದೀಪಾಲಿ ಕೇಳಿದಾಗ ಕೈ ಮುಗಿದು ಬೇಡ ಎಂದ.

ಪರದೆಯ ಹಿಂದೆ ಭದ್ರತೆಯ ಹೆಂಗಸು ಅವಳ ಮೈಮೇಲೆ ಕೈಯಂತ್ರ ಆಡಿಸಿದಳು. ಕಿಲ್ಟಿನ ಅಂಚಿನ ದೊಡ್ಡ ಪಿನ್ನಿಗೆ ಅದು ಕೂಗಿತು. ದೀಪಾಲಿ ಪಿನ್ನು ಬಿಚ್ಚಿಟ್ಟಳು. ಪಟ್ಟಿಯ ಬಕಲ್ಲಿಗೆ ಕೂಗಿತು. ಬಕಲ್ಲು ತೋರಿಸಿದಳು. ಎಡಸೊಂಟಕ್ಕೆ ಬಂದಾಗ ಮತ್ತೆ ಕೂಗಿತು.

“ಒಳಗೇನಿದೆ?” ಆಕೆಯ ದನಿ ಬದಲಾಗಿತ್ತು.

ಏನೂ ಇಲ್ಲ ಎನ್ನಬೇಕೆಂದಿದ್ದ ದೀಪಾಲಿಯ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಪಟ್ಟಿಯೊಳಗೆ ಬೆರಳು ತೂರಿಸಿ ಎಳೆದರೆ, ಮೈಯ ಬಿಸಿಗೆ ಬೆಚ್ಚಗಾದ ಕೀಲಿಗೊಂಚಲು. ಮನೆಯ ಬಾಗಿಲು, ಅಂಗಡಿಯ ಷಟರು, ಗೋದಾಮು, ಕಪಾಟು. ಈ ಮನೆಗೆ ಬಂದ ವರ್ಷ ನಾಗವ್ವ ತನ್ನ ಸೊಂಟದಿಂದ ತೆಗೆದು ಅವಳ ಸೊಂಟಕ್ಕೆ ಸಿಕ್ಕಿಸಿದ್ದು. ‘ನನ್ನ ಕೈಯಾಗ ಕೊಟ್ಟರ ಕಳೀತೀನವಾ’ ಎಂದು ಚನ್ನವೀರ ಅಂದೇ ನುಣುಚಿಕೊಂಡಿದ್ದ. ಸೀರೆಯಾಗಲಿ, ಚೂಡಿದಾರವಾಗಲಿ, ಬೆಳಿಗ್ಗೆ ಉಟ್ಟ ಕೂಡಲೇ ಅದು ಅಲ್ಲಿಗೆ ಸೇರಬೇಕು. ಕಿಲ್ಟಿಗೂ ಸೇರಿತ್ತು.

“ಇದೇನು?”

“ಘರ್,” ಮನೆ ಎಂದು ಹಿಂದಿಯಲ್ಲಿ ಹೇಳಿದಳು ದೀಪಾಲಿ.

ಆ ಹೆಂಗಸು ತನ್ನ ಪ್ಯಾಂಟಿನ ಜೇಬು ಮುಟ್ಟಿಕೊಂಡಳು. ಅಲ್ಲೂ ಕಿಣಿಕಿಣಿ ಎಂದಿತು. ನಕ್ಕು, ಹೋಗು ಎಂದು ತಲೆಯಾಡಿಸಿದಳು.

ಪರದೆಯಿಂದ ಹೊರಬಂದ ದೀಪಾಲಿ ಗಂಡನಿಗೆ ಫೋನು ಹಚ್ಚಿದಳು. “ಎಲ್ಲಿದ್ದೀರಿ?”

“ಭೋಸರಿ ದಾಟಾಕತ್ತೇವಿ, ಅರ್ಧಾ ದಾರಿ ಆತು. ಯಾಕ?”

ಹೇಳಿದಳು. ಆ ಕಡೆ ಬ್ರೇಕಿನ ಸದ್ದು.

“ದೀಪಾ! ಮನಿಗೂ ಕೀಲಿ ಹಾಕೇದ, ಅಂಗಡಿಗೂ ಹಾಕೇದ! ಈಗ ಹಾಲಿನ ಗಾಡಿ ಬರತದ. ತಡಿ, ಗಾಡಿ ತಿರಗಸ್ತೀನಿ, ನೀ ಹೊರಗ ಬಾ.”

“ಇನ್ನೇನು ವಿಮಾನಕ್ಕ ಕರೀತಾರ್ರಿ. ನೀವು ಬಂದು ಮುಟ್ಟೂದ್ರಾಗ ಬಾಗಲಾ ಹಾಕ್ತಾರ.”

“ಮುಂದಿನ ವಿಮಾನಕ್ಕ ಹೋಗೀಯಂತ. ಅವರೆಲ್ಲ ಹೋಗ್ಲಿ.”

ಗಾಜಿನಾಚೆ ವಿಮಾನ ನಿಂತಿತ್ತು. ಕೇತಕಿ ದೂರದಿಂದ ಕೈಬೀಸಿ ಕರೆಯುತ್ತಿದ್ದಳು. ಮೊದಲ ಸಾಲಿನಲ್ಲಿ ನಿಂತು ಹಾಡು ಎತ್ತಿಕೊಡಬೇಕಾದವಳು ದೀಪಾಲಿ. ಅವಳಿಲ್ಲದೆ ಉಳಿದ ಏಳು ಜನ ಮೈದಾನಕ್ಕೆ ಇಳಿಯುವಂತೆಯೇ ಇರಲಿಲ್ಲ. ಭಜಿ ಕರಿಯುತ್ತ ಪರೇಡಿನ ಸದ್ದಿಗೆ ಕಿವಿ ಕೊಡುತ್ತಿದ್ದ ಅವ್ವ ನೆನಪಾದಳು. ಅಂಗೈಯಲ್ಲಿ ಕೀಲಿಗಳು ಇನ್ನೂ ಬೆಚ್ಚಗಿದ್ದವು.

“ನಾ ಹೊರಗ ಬರೂದಿಲ್ರಿ,” ಎಂದಳು. “ಬೀಗ ಒಡಸ್ರಿ.”

“ಏನಂದಿ?”

“ಬೀಗ ಒಡಸ್ರಿ ಅಂದೆ. ಹೊಸಾವು ತರ್ರಿ. ಈ ಸರ್ತಿ ಕೀಲಿ ನೀವೂ ಒಂದು ಇಟ್ಕೋರಿ.”

ಕಾರಿನೊಳಗೆ ಏನೋ ಎಳೆದಾಡಿದ ಸದ್ದು. ಆಮೇಲೆ ನಾಗವ್ವನ ದನಿ ಹತ್ತಿರ ಬಂತು, ಫೋನು ಕಿತ್ತುಕೊಂಡಿರಬೇಕು.

“ಚನ್ನ್ಯಾ, ಗಾಡಿ ತಿರಗಸಬ್ಯಾಡ. ಸೀದಾ ನಡಿ. ಆ ಗೊಂಚಲಾ ನಾ ಕೊಟ್ಟದ್ದು, ಆ ಬೀಗಾ ನಾನ ಒಡಸ್ತೀನಿ. ಆ ಗೊಂಚಲದ ಸಲುವಾಗಿ ನಮ್ಮಣ್ಣನ ಮದವಿಗೂ ಒಂದ ರಾತ್ರಿ ಉಳೀಲಿಲ್ಲ ನಾ.” ಮತ್ತೆ ಫೋನಿಗೆ, “ದೀಪಾ, ಏರೋಪ್ಲೇನದಾಗ ಎ.ಸಿ. ಭಾಳ ಇರತದಂತ. ಮೊಣಕಾಲ ಮ್ಯಾಲ ಏನರ ಹೊಚ್ಚಿಕೋ. ಮೈದಾನದಾಗ ಮಾತ್ರ ತಗಿ,” ಎಂದಳು.

ದೀಪಾಲಿ ಗೊಂಚಲನ್ನು ಕೇತಕಿಯ ಡ್ರಮ್ಮಿನ ಚೀಲಕ್ಕೆ ಎಸೆದು ಸಾಲಿಗೆ ಸೇರಿದಳು.

ದಿಲ್ಲಿಯ ಬಿಸಿಲಲ್ಲಿ ಎಂಟು ಕಿಲ್ಟುಗಳು ಒಂದೇ ಸಲ ಎಡಕ್ಕೆ, ಒಂದೇ ಸಲ ಬಲಕ್ಕೆ ತೂಗಿದವು. ಒಂದು ನಿರಿಗೆಯೂ ಮುರಿದಿರಲಿಲ್ಲ. ತಾನು ಒತ್ತಿದ ನಿರಿಗೆ ತನ್ನದೇ ಬೆನ್ನ ಹಿಂದೆ ತೂಗುವುದು ನೋಡಲು ಸಿಗುವುದಿಲ್ಲ. ಆದರೆ ಪ್ರತಿ ಹೆಜ್ಜೆಗೂ ಅದು ತೊಡೆಗೆ ಬಡಿದು ತಿಳಿಸುತ್ತಿತ್ತು. ಎರಡನೆಯ ಸ್ಥಾನ ಬಂತು. ವೇದಿಕೆಯಲ್ಲಿ ಊರು ಯಾವುದು ಎಂದು ಕೇಳಿದಾಗ ದೀಪಾಲಿ ನಿಗಡಿ ಎಂದೂ ಹೇಳಿದಳು, ಬೆಳಗಾವಿ ಎಂದೂ ಹೇಳಿದಳು. ಅವ್ವನ ಹೆಸರನ್ನೂ ಹೇಳಿದಳು. ಅದನ್ನು ಹೇಳೆಂದು ಯಾರೂ ಕೇಳಿರಲಿಲ್ಲ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಅವಳು ಇನ್ನೂ ಹಾಸಿಗೆಯಲ್ಲಿರುವಾಗಲೇ ಕೆಳಗೆ ಅಂಗಡಿಯ ಷಟರು ಕಿರ್ರೆನ್ನುತ್ತ ಮೇಲೇರಿತು. ಚನ್ನವೀರ ಹೊಸ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದ, ಕಳೆದುಹೋಗಬಾರದೆಂದು. ದಿನವೂ ಕೀಲಿಯೊಂದಿಗೆ ತಾನೇ ಮೊದಲು ಕೆಳಗಿಳಿಯುತ್ತಿದ್ದ ಅವಳು ಆ ಷಟರಿನ ಸದ್ದನ್ನು ಮಲಗಿಕೊಂಡು ಕೇಳಿದ್ದು ಇದೇ ಮೊದಲು. ಇಷ್ಟು ಕೆಟ್ಟದಾಗಿ ಕಿರುಚುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಎಣ್ಣೆ ಹಾಕಬೇಕು ಎಂದುಕೊಂಡಳು. ಎಣ್ಣೆಯ ಡಬ್ಬಿ ಗೋದಾಮಿನ ಬಾಗಿಲ ಹಿಂದೆಯೇ ಇತ್ತು. ಚನ್ನವೀರ ಹುಡುಕಿದರೆ ಸಿಗುತ್ತದೆ ಎಂದು ಹೊದಿಕೆ ಎಳೆದುಕೊಂಡು ಮಗ್ಗುಲಾದಳು.