ಶಿವಪುತ್ರ ಕಾಕಾನ ಮೂಲೆಮಟ್ಟ

ಸೀಮೆಎಣ್ಣೆಯಲ್ಲಿ ನೆನೆದ ಕಬ್ಬಿಣದ ಪುಡಿಗೆ ಒಂದು ವಾಸನೆಯಿದೆ. ಹಿತವಾದದ್ದೇನಲ್ಲ. ಆದರೂ ಸಂಭಾಜಿನಗರದಲ್ಲಿ ನಾನು ಕೆಲಸ ಮಾಡುವ ಶೆಡ್ಡಿನಲ್ಲಿ ಯಾರಾದರೂ ಅರ ತೊಳೆಯಲು ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಹನ್ನೊಂದು ವರ್ಷದ ಹುಡುಗಿಯಾಗಿ ನಾಸಿಕದ ಹತ್ತಿರದ ಓಝರಿನ ಒಂದು ಹಿತ್ತಿಲಲ್ಲಿ ಕುಳಿತುಬಿಡುತ್ತೇನೆ. ಪೇರಲ ಗಿಡದ ನೆರಳು, ಒಳಗೆ ಕಾಕು ರೊಟ್ಟಿ ಬಡಿಯುವ ಸದ್ದು, ಹೊರಗೆ ಕಾಕಾ ಕಬ್ಬಿಣ ಉಜ್ಜುವ ಸದ್ದು. ಎರಡಕ್ಕೂ ಒಂದೇ ತಾಳವಿತ್ತು. ಗುಳೇದಗುಡ್ಡದ ಕಡೆಯ ಶಿವಪುತ್ರ ಕಾಕಾ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರಾಗಲಿ ಅವರ ಹೆಂಡತಿ ಕಾಕು ಆಗಲಿ ನಮಗೆ ನೆಂಟರಲ್ಲ, ಪಕ್ಕದ ಕ್ವಾರ್ಟರ್ಸಿನವರು. ಅವರ ಇಬ್ಬರು ಗಂಡುಮಕ್ಕಳಿಗೆ ಕ್ರಿಕೆಟ್ಟಿನ ಹೊರತು ಜಗತ್ತಿನಲ್ಲಿ ಬೇರೇನೂ ಬೇಕಿರಲಿಲ್ಲ. ಹಾಗಾಗಿ ಅರ ನನ್ನ ಕೈಗೆ ಬಂತು.

ಕಾರ್ಖಾನೆಯ ಶಿಸ್ತನ್ನು ಕಾಕಾ ಮನೆಗೂ ತಂದಿದ್ದರು. ಹಿತ್ತಿಲ ಗೋಡೆಯ ಮೇಲೊಂದು ಹಲಗೆ, ಅದರ ಮೇಲೆ ಪ್ರತಿ ಹತ್ಯಾರಕ್ಕೂ ಅದರದೇ ಆಕಾರದಲ್ಲಿ ಕಪ್ಪು ಬಣ್ಣ ಬಳಿದ ನೆರಳು. ಹತ್ಯಾರ ತೆಗೆದರೆ ನೆರಳು ಉಳಿಯುತ್ತಿತ್ತು. ಏನು ಕಾಣೆಯಾಗಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನಟ್ಟನಡುವೆ ತೂಗುತ್ತಿದ್ದದ್ದು ಉಕ್ಕಿನ ಮೂಲೆಮಟ್ಟ. ಎರಡು ಅಂಚುಗಳು ಮೂಲೆಯಲ್ಲಿ ನೆಟ್ಟಗೆ ಕೂಡಿವೆಯೇ ಎಂದು ನೋಡುವ, ಎಲ್ ಆಕಾರದ ಸಾಧನ. ಕಾಕಾಗೆ ಅದನ್ನು ಕೊಟ್ಟದ್ದು ಅವರಿಗೆ ಕೆಲಸ ಕಲಿಸಿದ ಉಸ್ತಾದರು. ದಿನವೂ ಮೊದಲು ಅದರದೇ ಪರೀಕ್ಷೆ. ಹಲಗೆಯ ಅಂಚಿಗೆ ಒತ್ತಿ ಒಂದು ಗೆರೆ, ಮಗುಚಿ ಇಟ್ಟು ಅದರ ಮೇಲೇ ಇನ್ನೊಂದು ಗೆರೆ. ಎರಡೂ ಒಂದಾದರೆ ಮಟ್ಟ ಸರಿಯಿದೆ. ಕತ್ತರಿಯಂತೆ ಬಾಯಿ ಬಿಟ್ಟರೆ ಕೆಟ್ಟಿದೆ. "ಇದು ಸುಳ್ಳ ಹೇಳಿದ್ರ ಮುಂದ ನಾವು ಮಾಡಿದ್ದೆಲ್ಲಾ ಸುಳ್ಳ ಆಕ್ಕೈತಿ, ತಂಗಿ," ಅನ್ನುತ್ತಿದ್ದರು. ಅಷ್ಟು ದೊಡ್ಡ ಮಾತನ್ನು ಅವರು ಸೀನು ಬಂದಷ್ಟು ಸಹಜವಾಗಿ ಹೇಳಿ, ಮತ್ತೆ ಅರ ಎತ್ತಿಕೊಳ್ಳುತ್ತಿದ್ದರು.

ಆ ದೀಪಾವಳಿಗೆ ಕಾಲೊನಿಯಲ್ಲಿ ರಂಗೋಲಿ ಸ್ಪರ್ಧೆಯಿತ್ತು. ನನ್ನ ಚೌಕ ಎಲ್ಲರಿಗಿಂತ ನೆಟ್ಟಗಿರಬೇಕೆಂಬ ಹಟ ನನಗೆ. ಕಾಕಾ ಡ್ಯೂಟಿಗೆ ಹೋಗಿದ್ದಾಗ ಕೇಳದೆ ಮೂಲೆಮಟ್ಟ ತೆಗೆದುಕೊಂಡು ತಾರಸಿಗೆ ಹೋದೆ. ಅಳತೆ ನೋಡಿ ಗೋಡೆಯ ಮೇಲಿಟ್ಟದ್ದು ಜಾರಿ ಕೆಳಗಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು. ಓಡಿಹೋಗಿ ಎತ್ತಿದೆ. ಮುರಿದಿರಲಿಲ್ಲ, ಗೀರೂ ಬಿದ್ದಿರಲಿಲ್ಲ. ಗೆರೆ ಎಳೆದು ನೋಡಿದೆ. ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಫ್ರಾಕಿನಿಂದ ಒರೆಸಿ ಅದರ ನೆರಳಿನ ಮೇಲೆ ತೂಗುಹಾಕಿ ಮನೆಗೆ ಬಂದೆ.

ಮರುದಿನ ಕಾಕಾ ಎಂದಿನಂತೆ ಎರಡು ಗೆರೆ ಎಳೆದರು. ಕನ್ನಡಕ ಒರೆಸಿಕೊಂಡು ಮತ್ತೆ ಎರಡು ಎಳೆದರು. ಆಮೇಲೆ ನನ್ನ ಕಡೆ ತಿರುಗಿ, "ಏನರ ಹೇಳೂದೈತೇನ ತಂಗಿ?" ಎಂದು ಮೆತ್ತಗೆ ಕೇಳಿದರು.

"ಕಾಯ್ ನಾಯ್ ಕಾಕಾ," ಅಂದೆ. ಮನೆಮಾತು ಮರಾಠಿಯಾದರೂ ಅವರ ಜೊತೆ ನಾನು ಹರಕುಮುರುಕು ಕನ್ನಡವನ್ನೇ ಆಡುತ್ತಿದ್ದವಳು. ಏನಿಲ್ಲ ಅನ್ನುವ ಆ ಸುಳ್ಳು ಮಾತ್ರ ಮರಾಠಿಯಲ್ಲಿ ಬಂತು.

ಅವರು ಬೈಯಲಿಲ್ಲ. ಬೈದಿದ್ದರೆ ಅತ್ತು ಹೇಳಿಬಿಡುತ್ತಿದ್ದೆನೇನೋ. ಮೂಲೆಮಟ್ಟವನ್ನು ಒಳಗೆ ಒಯ್ದಿಟ್ಟು ಬೇರೊಂದು ತಂದರು, ಪಾಠ ಮುಂದುವರಿಸಿದರು. ಆದರೆ ಹೊಸದನ್ನು ಹಳೆಯದರ ಜಾಗದಲ್ಲಿ ಎಂದೂ ತೂಗುಹಾಕಲಿಲ್ಲ. ಹಲಗೆಯ ನಡುವೆ ಆ ಕಪ್ಪು ನೆರಳು ಹಾಗೇ ಉಳಿಯಿತು, ನಾನು ಕುಳಿತಲ್ಲಿಂದ ನೇರ ಎದುರಿಗೆ. ಪಾಠ ಮುಗಿಸಿ ಏಳುವಾಗೊಮ್ಮೆ, "ಏನರ ಹೇಳೂದೈತೇನ?" ಎಂದು ಕೇಳುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸಿ ಓಡಿಬಿಡುತ್ತಿದ್ದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ, ದಿನವೂ ಮೊದಲು ಆ ಖಾಲಿ ಜಾಗವನ್ನೇ ನೋಡುತ್ತಿದ್ದೆ. ಕೊನೆಗೆ ಅದನ್ನು ನೋಡಲಾರದೆ ಟ್ಯೂಶನ್ ಎಂಬ ನೆಪ ಹೇಳಿ ಹೋಗುವುದನ್ನೇ ಬಿಟ್ಟೆ. ಆ ಹೇಡಿತನದ ಬಗ್ಗೆ ನನಗೆ ಈಗಲೂ ನಾಚಿಕೆಯಿದೆ.

ಕಲಿತದ್ದು ಮಾತ್ರ ಬಿಡಲಿಲ್ಲ. ಡಿಪ್ಲೊಮಾಗೆಂದು ಔರಂಗಾಬಾದಿಗೆ ಬಂದಾಗ, ಈಗಿನ ಸಂಭಾಜಿನಗರಕ್ಕೆ ಆಗ ಅದೇ ಹೆಸರು, ವರ್ಕ್‌ಶಾಪಿನ ಸರ್ ನನ್ನ ಕೈ ನೋಡಿ ಯಾರು ಕಲಿಸಿದರೆಂದು ಕೇಳಿದ್ದರು. ಅದನ್ನಾದರೂ ಕಾಕಾಗೆ ಹೇಳಬೇಕಿತ್ತು. ಅವರು ನಿವೃತ್ತರಾಗಿ, ಕ್ವಾರ್ಟರ್ಸ್ ಬಿಟ್ಟು ನಾಸಿಕದಲ್ಲೇ ಮನೆ ಮಾಡಿದ್ದರು. ಮೂರು ತಾಸಿನ ದಾರಿ. ಮುಂದಿನ ರಜೆಗೆ, ಮುಂದಿನ ಹಬ್ಬಕ್ಕೆ ಎನ್ನುತ್ತಲೇ ಇದ್ದೆ. ಅವರು ತೀರಿಕೊಂಡ ಸುದ್ದಿ ತಿಳಿದ ಮೇಲೆ ಹೋದೆ.

ಕಾಕು ಚಹಾ ಕೊಟ್ಟು, ಟ್ರಂಕಿನಿಂದ ಎಣ್ಣೆಬಟ್ಟೆಯ ಗಂಟೊಂದನ್ನು ತಂದರು. ಒಳಗೆ ಅದೇ ಮೂಲೆಮಟ್ಟ. ಮೂಲೆಯ ಒಳಬದಿಯಲ್ಲಿ ಚೂಪು ಪಂಚಿನಿಂದ ಹೊಡೆದ ಮೂರು ಸಣ್ಣ ಚುಕ್ಕೆಗಳಿದ್ದವು, ಕೆಟ್ಟ ಕೋನವನ್ನು ಸರಿಪಡಿಸಿದ ಗುರುತು. "ಆ ವಾರದಾಗನ ಸರಿ ಮಾಡಿದ್ರು," ಅಂದರು ಕಾಕು. "ಆಕಿ ತಾನಾಗೇ ಬಂದು ಹೇಳಲಿ, ಅವತ್ತ ಆಕಿ ಕೈಯಾಗ ಕೊಡ್ತೀನಿ ಅಂತಿದ್ರು. ಉಸ್ತಾದ ನನಗ ಕೊಟ್ಟಂಗ ಅಂತಿದ್ರು. ಇನ್ನ ಯಾರ ದಾರಿ ನೋಡೂದು? ತಗೊಂಡ ಹೋಗು."

ಹಳೆಯ ಪೇಪರಿನ ಅಂಚಿನಲ್ಲಿ ಗೆರೆ ಎಳೆದೆ. ಮಗುಚಿ ಇನ್ನೊಂದು ಎಳೆದೆ. ಎರಡೂ ಒಂದೇ ಆಗಿದ್ದವು.

"ಕಾಕು, ಅದನ್ನ ಬೀಳಿಸಿದಾಕಿ ನಾನ ರೀ," ಅಂದೆ. ಇಷ್ಟು ವರ್ಷದ ಮೇಲೆ, ಕನ್ನಡದಲ್ಲೇ.

ಕಾಕು ಖಾಲಿ ಲೋಟಗಳನ್ನು ಎತ್ತಿಕೊಂಡರು. "ನನಗ್ಯಾಕ ಹೇಳ್ತಿ ತಂಗಿ," ಅಂದರು.