ಎಡಗಡೆಯ ಹನ್ನೆರಡು

ಹಲ್ಲಿನ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಶೇಕಡಮ್ಮ ಎಂದೇ. ಕಾಫಿ ಹೇಗಿದೆ ಎಂದು ಕೇಳಿದರೂ "ನೂರಕ್ಕೆ ಅರವತ್ತು" ಎನ್ನುವ ಹೆಂಗಸು, ಇನ್ನೇನೆಂದು ಕರೆದಾರು? ಮೂವರು ವೈದ್ಯರು ಶಾಲೆಗಳಲ್ಲಿ ಮಕ್ಕಳ ಬಾಯಿ ನೋಡಿ ತುಂಬಿಸಿದ ಹಾಳೆಗಳಿಂದ ಹಾಲುಹಲ್ಲಿನ ಹುಳುಕಿನ ಲೆಕ್ಕ ತೆಗೆಯುವುದು ಅವಳ ಕೆಲಸ.

ಹಾಲುಹಲ್ಲಿಗೆ ಒಂದು ಗುಣವಿದೆ. ಬಲಗಡೆಯ ದವಡೆಹಲ್ಲು ಹುಳುಕಾದರೆ ಎಡಗಡೆಯ ಜೋಡಿಯೂ ಸಾಮಾನ್ಯವಾಗಿ ಹುಳುಕಾಗಿರುತ್ತದೆ. ಇಬ್ಬರು ವೈದ್ಯರ ಹಾಳೆಗಳಲ್ಲಿ ಎರಡೂ ಕಡೆ ಹೆಚ್ಚುಕಮ್ಮಿ ಸಮ. ಮೂರನೆಯವರಲ್ಲಿ ಮಾತ್ರ ಬಲಗಡೆ ನೂರಕ್ಕೆ ನಲವತ್ತೊಂದು, ಎಡಗಡೆ ಹನ್ನೆರಡು. ತಾನೇ ಎಡವಿರಬೇಕೆಂದು ಅವರ ಮುನ್ನೂರ ಆರು ಹಾಳೆಗಳನ್ನೂ ಮೊದಲಿಂದ ಎಣಿಸಿದಳು. ಹನ್ನೆರಡು ಅಲ್ಲಾಡಲಿಲ್ಲ. ಹೋದ ವರ್ಷದ ಅವರ ಹಾಳೆಗಳು ಸರಿಯಾಗಿಯೇ ಇದ್ದವು.

ಮಗುವಿನ ಎಡ ಎಂದರೆ ಎದುರು ಕೂತವರ ಬಲ. ಆ ಬಲಗಡೆ ಅವರಿಗೆ ಕಾಣುತ್ತಿಲ್ಲವೇ? ಎದುರು ಕೂತ ಆ ಮೂರನೆಯ ವೈದ್ಯರು ಅವಳ ಸೋದರಮಾವ, ಅಪ್ಪನಿಲ್ಲದ ಅವಳನ್ನು ಓದಿಸಿದವರು. ಹೇಳಿದರೆ ಮಾವನ ನಲವತ್ತು ವರ್ಷದ ಕೆಲಸ ಅಲ್ಲಿಗೇ ಮುಗಿಯಿತು. ಹೇಳದಿದ್ದರೆ ಮಕ್ಕಳು ನೋವು ತಿನ್ನಬೇಕು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ನಾಲ್ಕು ದಿನ ಓಡಾಡಿದಳು.

ಭಾನುವಾರ ಬೆಳಿಗ್ಗೆ ಮಾವನ ಮನೆಗೆ ಹೋಗಿ, ಕಾಫಿ ಲೋಟವನ್ನು ಬೇಕೆಂದೇ ಅವರ ಬಲಗಡೆ ಇಟ್ಟಳು.

"ಕಾಫಿ ಎಲ್ಲಮ್ಮಾ?" ಎಂದರು ಸ್ವಲ್ಪ ಹೊತ್ತಿನ ಮೇಲೆ.

"ಪಕ್ಕದಲ್ಲೇ ಇದೆ, ಮಾವ."

ಕೈ ಮೇಜಿನ ಮೇಲೆ ತಡಕಾಡಿತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಎಲ್ಲವನ್ನೂ ಹೇಳಿದಳು.

ಮಾವ ಸಿಡಿದೆದ್ದರು. "ನನ್ನ ತಪ್ಪು ಹುಡುಕೋಕೆ ನಿನ್ನ ಓದಿಸಿದ್ನಾ?"

"ಲೆಕ್ಕದಲ್ಲಿ ಮುಖ ನೋಡಬೇಡ ಅಂತ ಹೇಳಿಕೊಟ್ಟೋರು ನೀವೇ."

ಅವರು ಮೆಲ್ಲನೆ ಕೂತರು. "ಬಲಗಡೆ ಮಂಜುಮಂಜು ಅನ್ನಿಸ್ತಿತ್ತು. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದೆ. ಎಷ್ಟು ಮಕ್ಕಳು?"

"ಮುನ್ನೂರ ಆರು."

"ಆ ಕಡೆ ಹಲ್ಲು ಗಟ್ಟಿಯಾಗಿದೆ ಅಂತ ಕೆನ್ನೆ ತಟ್ಟಿ ಕಳಿಸಿದ್ನಲ್ಲೇ."

ಅವಳು ಬ್ಯಾಗಿನಿಂದ ಪತ್ರ ತೆಗೆದು ಓದಿ ಹೇಳಿದಳು. ಈ ಮಕ್ಕಳನ್ನೆಲ್ಲ ಬೇರೆ ವೈದ್ಯರು ಮತ್ತೆ ನೋಡಬೇಕು, ತಾನು ಇನ್ನು ತಪಾಸಣೆ ಮಾಡುವುದಿಲ್ಲ ಎಂದು ಮಾವನ ಹೆಸರಲ್ಲಿ ಬರೆದ ಪತ್ರ. ಅವರು ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ ಬಗ್ಗಿದರು.

"ಸಹಿ ಎಲ್ಲಿ ಹಾಕ್ಲಿ? ಜಾಗಾನೇ ಬಿಟ್ಟಿಲ್ವಲ್ಲ ನೀನು."

ಕೆಳಗೆ ಬಲಮೂಲೆಯಲ್ಲಿ ಅವರ ಹೆಸರು ದಪ್ಪ ಅಕ್ಷರದಲ್ಲಿತ್ತು. ಅವಳು ಮಾವನ ಕೈ ಹಿಡಿದು ಅಲ್ಲಿಗೆ ತಂದಳು.